ಅಳತೆ ಮಾವನ ಕೆಂಪು ಬಟ್ಟೆ

ಅಳತೆ ಮಾವನ ಎರಡು ಕೈಯಲ್ಲೂ ಬೆರಳುಗಳು ಪೂರ್ತಿ ಇದ್ದವು. ಇದೂ ಒಂದು ಹೇಳಿಕೊಳ್ಳುವ ಮಾತೇ ಎಂದು ನೀವು ನಗಬಹುದು. ನಕ್ಕುಬಿಡಿ. ಆಮೇಲೆ ಮೂವತ್ತೊಂದು ವರ್ಷ ಚೈನ್ ಗರಗಸ ಹಿಡಿದು ಕಾಡಿನಲ್ಲಿ ಮರ ಬೀಳಿಸಿದ ಇನ್ನೊಬ್ಬನನ್ನು ಹುಡುಕಿ ಕರೆತನ್ನಿ, ಅವನ ಬೆರಳು ಎಣಿಸಿ, ಹಿಂದಿನಿಂದ ಹೋಗಿ ಮೆಲ್ಲಗೆ ಕರೆದು ನೋಡಿ. ತಿರುಗಿದರೆ ನಾನು ಹೇಳಿದ್ದು ಸುಳ್ಳು. ಬೆರಳು, ಕಿವಿ, ಬೆನ್ನು, ಈ ಮೂರರಲ್ಲಿ ಎರಡನ್ನಾದರೂ ಕಾಡಿಗೆ ಕೊಟ್ಟೇ ಮನೆಗೆ ಬರುವ ಕಸುಬು ಅದು. ಏನೂ ಕೊಡದೆ ಬಂದವನನ್ನು ಜನ ಮೆಚ್ಚಬೇಕಿತ್ತು. ಮೆಚ್ಚಲಿಲ್ಲ, ಗೇಲಿ ಮಾಡಿದರು.

ಹೆಸರು ಬಿದ್ದದ್ದೇ ಆ ಗೇಲಿಯಿಂದ. ಮರದ ಮುಂದೆ ನಿಂತರೆ ಅವನು ಮೊದಲು ಗರಗಸ ಮುಟ್ಟುತ್ತಿರಲಿಲ್ಲ. ತೋಳಿನುದ್ದದ ಒಂದು ಕೋಲನ್ನು ತೋಳು ಚಾಚಿ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯ ತನಕ ಇಡೀ ಮರ ಆ ಕೋಲಿನ ಹಿಂದೆ ಅಡಗುವವರೆಗೆ ಹಿಂದೆ ಹಿಂದೆ ನಡೆಯುತ್ತಿದ್ದ. ಅಲ್ಲಿಂದ ಬುಡಕ್ಕೆ ಎಷ್ಟು ಹೆಜ್ಜೆಯೋ ಮರ ಅಷ್ಟೆತ್ತರ. ಅದರ ಎರಡರಷ್ಟು ದೂರದಲ್ಲಿ ಸುತ್ತಲೂ ಕಡ್ಡಿ ನೆಡುವುದು. ಕಡ್ಡಿಯ ಒಳಗೆ ಕಡಿಯುವವನನ್ನು ಬಿಟ್ಟರೆ ನರಪಿಳ್ಳೆಯೂ ಇರಕೂಡದು.

"ಮಾವ, ಮರ ಬೀಳ್ಸೋಕೆ ಬಂದಿದ್ದೀವೋ, ಅದಕ್ಕೆ ಅಂಗಿ ಹೊಲಿಸೋಕೆ ಬಂದಿದ್ದೀವೋ?" ಎಂದು ತಂಡದವರು ಕೇಳುತ್ತಿದ್ದರು.

"ಈ ಅಳತೆ ತಪ್ಪಿದ್ರೆ ನಾಳೆ ನಿನ್ನ ಅಳತೆ ತಗೋತಾರೆ. ಆರಡಿ, ಮೂರಡಿ," ಎನ್ನುತ್ತಿದ್ದ ಅವನು, ಕೋಲಿನಿಂದ ಕಣ್ಣು ತೆಗೆಯದೆ.

ಅಳತೆ ಮುಗಿದ ಮೇಲೆ ಕತ್ತೆತ್ತಿ ನೋಡುವುದು. ಒಣಕೊಂಬೆ ತೂಗಾಡುತ್ತಿದೆಯೇ, ಪಕ್ಕದ ಮರಕ್ಕೆ ಬಳ್ಳಿ ಹೆಣೆದುಕೊಂಡಿದೆಯೇ, ಗಾಳಿ ಯಾವ ಕಡೆಯದು, ಮರ ತಾನಾಗಿ ಎತ್ತ ಓಲಿದೆ. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ತಟ್ಟಿ, ಒಳಗೆ ಪೊಳ್ಳೋ ಗಟ್ಟಿಯೋ ಎಂದು ಕಿವಿಗೊಡುವುದು. ಬೀಳುವ ದಿಕ್ಕಿಗೆ ಬೆನ್ನು ಹಾಕಿ, ಹಿಂದಕ್ಕೆ ಎಡ ಬಲಕ್ಕೆ ಓರೆಯಾಗಿ ಎರಡು ದಾರಿ ಸವರಿಡುವುದು, ಓಡಬೇಕಾದಾಗ ಬೇರು ಕಾಲಿಗೆ ತೊಡರಬಾರದಲ್ಲ. ಬೀಳಬೇಕಾದ ಕಡೆ ಮೊದಲು ಮರಕ್ಕೊಂದು ಬಾಯಿ ಕೊಯ್ಯುವುದು, ಆಮೇಲೆ ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ಮೂರು ಬೆರಳಗಲ ಮರವನ್ನು ಮುಟ್ಟದೆ ಬಿಡುವುದು. ಆ ಮೂರು ಬೆರಳೇ ಕೀಲು. ಬಾಗಿಲು ಹೇಗೆ ಕೀಲಿನ ಮೇಲೆ ತಿರುಗುತ್ತದೋ ಹಾಗೆ ಮರ ಅದರ ಮೇಲೆ ತಿರುಗಿ ಹೇಳಿದ ಕಡೆ ಮಲಗಬೇಕು. ಅವಸರದವರು ಕೀಲನ್ನೂ ಕೊಯ್ದುಬಿಡುತ್ತಾರೆ. ಆಮೇಲೆ ಮರ ಯಾರ ಮಾತೂ ಕೇಳುವುದಿಲ್ಲ. ಬೆಣೆ ಹೊಡೆಯುವ ಮುಂಚೆ ಮಾವ ಮೂರು ಸಲ ಕೂಗುತ್ತಿದ್ದ. ಆ ಗಂಟಲಿಗೆ ಎರಡು ಗುಡ್ಡದಾಚೆಯ ಹಕ್ಕಿಗಳೂ ಏಳುತ್ತಿದ್ದವು.

ಇಷ್ಟೆಲ್ಲ ಮಾಡುವವನಿಗೆ ಹೊತ್ತು ಹಿಡಿಯುತ್ತದೆ. ಅಳೆದೂ ಸುರಿದೂ ದಿನಕ್ಕೆ ಹನ್ನೊಂದು ಮರ ಅವನದು. ಪಕ್ಕದವನದು ಹದಿನೆಂಟು. ಹಾಗಂತ ಯಾರಾದರೂ ಅಂದರೆ, "ಅವನ ಬಲಗೈ ಹೆಬ್ಬೆರಳು ಎಲ್ಲಿ ಕೇಳು," ಅನ್ನುವನು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವನ ಮನೆಯಲ್ಲಿ ಮೂರೇ ಜನ. ಅವನು, ಹೆಂಡತಿ, ಹೆಂಡತಿಯ ತಮ್ಮ. ಎರಡು ಕೋಣೆ, ಮುಂದೊಂದು ಕಿರಿದಾದ ಜಗಲಿ, ಜಗಲಿಯ ಮೊಳೆಗಳಲ್ಲಿ ಎರಡು ಗರಗಸ. ತಮ್ಮನನ್ನು ಅವಳು ಆರು ವರ್ಷದವನಿದ್ದಾಗಿನಿಂದ ಸಾಕಿದ್ದಳು. ಮಕ್ಕಳಾಗದ ಮನೆಯಲ್ಲಿ ಅವನು ತಮ್ಮನೂ ಹೌದು, ಮಗನೂ ಹೌದು. ಈಗ ಇಪ್ಪತ್ತೇಳರ ಆಳು. ಕಾಡಿನಲ್ಲಿ ಅವನಿಗೆ ಚುರುಕ ಅಂತ ಹೆಸರು, ಅದಕ್ಕೆ ವಿವರಣೆ ಬೇಕಿಲ್ಲ.

ಚುರುಕ ಒಮ್ಮೆ ಗರಗಸದ ಬ್ರೇಕನ್ನು ತಂತಿಯಿಂದ ಬಿಗಿದು ಕಟ್ಟಿದ್ದ. ಗರಗಸದ ಮೂತಿ ಎಲ್ಲಾದರೂ ತಾಗಿ ಮುಖಕ್ಕೆ ಒದ್ದರೆ, ಚೈನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಿಸುವುದು ಆ ಬ್ರೇಕು. ಕೈ ತಗುಲಿ ಅದು ಆಗಾಗ ಬೀಳುತ್ತದೆ, ಕೆಲಸ ನಿಲ್ಲುತ್ತದೆ ಅಂತ ಅರ್ಧ ಕಾಡು ಅದನ್ನು ಕಟ್ಟಿಹಾಕುತ್ತದೆ. ಮಾವ ಬೈಯಲಿಲ್ಲ. ಭಾವಮೈದುನನ ಊಟದ ಡಬ್ಬಿ ಎತ್ತಿಕೊಂಡು, ಹೆಜ್ಜೆ ಎಣಿಸುತ್ತ ಹೋಗಿ, ಎರಡು ಮರದುದ್ದ ಆಚೆ ಒಂದು ಮೋಟಿನ ಮೇಲೆ ಇಟ್ಟುಬಂದ.

"ತಂತಿ ಬಿಚ್ಚು, ಊಟ ಸಿಗತ್ತೆ."

"ಭಾವ, ಹಸಿವಾಗ್ತಿದೆ!"

"ಬಾಯಿ ಇದ್ರೆ ತಾನೆ ಹಸಿವು? ಅದು ಒದ್ದರೆ ಬಾಯೇ ಇರಲ್ಲ, ಬಿಚ್ಚು."

ಬಿಚ್ಚಿದ. ಆಮೇಲೆ ಅವನೇ ಬೇರೆಯವರ ತಂತಿ ಬಿಚ್ಚಿಸತೊಡಗಿದ. ಭಾವ ಹೇಳಿದರೆ ಮುಗಿಯಿತು, ಕಾಡಿನಲ್ಲಿ ಅದೇ ಅವನಿಗೆ ಕಾನೂನು.

ಇನ್ನು ಸಿಕ್ಕಿಕೊಂಡ ಮರದ ವಿಚಾರ. ಎಷ್ಟೇ ಅಳೆದರೂ ಒಮ್ಮೊಮ್ಮೆ ಬೀಳುವ ಮರ ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡು ಓರೆಯಾಗಿ ನಿಂತುಬಿಡುತ್ತದೆ. ಬುಡ ಕೊಯ್ದಾಗಿದೆ, ನೆಲಕ್ಕೆ ಬಂದಿಲ್ಲ. ಒಂದು ನಿಮಿಷ ನಿಂತೀತು, ಒಂದು ವಾರ ನಿಂತೀತು, ಒಂದು ಗಾಳಿಗೆ ಜಾರೀತು. ಅದನ್ನು ದೂರದಿಂದ ಉಕ್ಕಿನ ಹಗ್ಗ ಕಟ್ಟಿ, ವಿಂಚ್ ಯಂತ್ರದಿಂದ ಎಳೆದು ಕೆಡವಬೇಕು. ಬೇರೆ ಉಪಾಯವಿಲ್ಲ. ಆದರೆ ನಮ್ಮ ಜನ ಉಪಾಯಗಾರರು. ವಿಂಚಿಗೆ ಯಾರು ಕಾಯುತ್ತಾರೆ ಅಂತ, ಆತುಕೊಂಡ ಮರವನ್ನೇ ಕೊಯ್ಯುತ್ತಾರೆ, ಇಲ್ಲವೇ ಮೂರನೆಯದನ್ನು ಅದರ ಮೇಲೆ ಬೀಳಿಸುತ್ತಾರೆ. ಒಂಬತ್ತು ಸಲ ದಕ್ಕುತ್ತದೆ. ಹತ್ತನೆಯ ಸಲ ದಕ್ಕದವನು ಬಂದು ಹೇಳುವುದಿಲ್ಲವಲ್ಲ, ಹಾಗಾಗಿ ಉಪಾಯಕ್ಕೆ ಒಳ್ಳೆಯ ಹೆಸರೇ ಉಳಿದುಕೊಂಡಿದೆ.

ಮಾವನ ತಂಡದಲ್ಲಿ ಆ ಆಟ ಇರಲಿಲ್ಲ. ಮರ ಸಿಕ್ಕಿಕೊಂಡಿತೋ, ಹೆಂಡತಿ ಹಳೆಯ ಕೆಂಪು ಪರದೆ ಹರಿದು ಕೊಟ್ಟ ಪಟ್ಟಿಗಳನ್ನು ಸುತ್ತಲ ಮರಗಳಿಗೆ ಎದೆಯೆತ್ತರಕ್ಕೆ ಕಟ್ಟುವುದು. ಕೆಂಪು ಬಟ್ಟೆ ಕಂಡಿತೋ, ಆ ಸುತ್ತಿನೊಳಗೆ ಯಾರೂ ಕಾಲಿಡರು. ಕೆಂಪು ಕಾಣಲಿಲ್ಲವೋ, ದಾರಿ ಸಲೀಸು. ಇಪ್ಪತ್ತು ಜನರ ತಂಡ ಎಂಟು ವರ್ಷ ಆ ಒಂದು ನಂಬಿಕೆಯ ಮೇಲೆ ನಡೆದಾಡಿತ್ತು. ಬಟ್ಟೆ ಇಲ್ಲದ ಕಡೆ ತಲೆ ಎತ್ತಿ ನೋಡುವುದನ್ನೂ ಎಷ್ಟೋ ಜನ ಬಿಟ್ಟಿದ್ದರು. ಮಾವನ ಬಟ್ಟೆ ಇಲ್ಲ ಅಂದಮೇಲೆ ನೋಡುವುದೇನು?

ಹೀಗಿರುವಾಗ ಬಂದ ಹೊಸ ಮೇಲ್ವಿಚಾರಕ. ಇಸ್ತ್ರಿ ಅಂಗಿ, ಕೈಯಲ್ಲಿ ಗಡಿಯಾರ, ಬಾಯಲ್ಲಿ ಒಂದೇ ಮಾತು: "ಆಯ್ತಾ?" ಗರಗಸ ಶುರು ಮಾಡುವ ಮೊದಲೇ "ಆಯ್ತಾ?" ಮರ ಬೀಳುತ್ತಿರುವಾಗಲೇ "ಆಯ್ತಾ?" ಮೂರನೆಯ ದಿನಕ್ಕೆ ಅವನು ಆಯ್ತಾ ಸಾಹೇಬ ಆದ. ಮರದ ಮಗ್ಗುಲಲ್ಲಿ ಒಂದು ದಿನ ನಿಂತವನಲ್ಲ. ಆದರೆ ಮರಕ್ಕೆಷ್ಟು ನಿಮಿಷ ಅಂತ ಮೇಲಿನವರಿಗೆ ಬರೆದುಕೊಡುವವನು ಅವನೇ. ದಿಮ್ಮಿ ಬೇಗ ಲಾರಿಗೆ ಏರಲಿ ಅಂತ ವಿಂಚನ್ನು ಕಾಡಿನೊಳಗಿಂದ ರಸ್ತೆಗೆ ಒಯ್ದು ನಿಲ್ಲಿಸಿದ. ಮಾವ ಕೇಳಲು ಹೋದರೆ, "ನಿಮ್ಮ ಹೆಸರಲ್ಲಷ್ಟೇ ಅಳತೆ, ಬಾಯಲ್ಲಿಲ್ಲ. ಜಾಸ್ತಿ ಮಾತಾಡಿದ್ರೆ ತೊಗಟೆ ಸುಲಿಯೋ ಕೆಲಸಕ್ಕೆ ಹಾಕ್ತೀನಿ," ಅಂದ. ಮೂವತ್ತೊಂದು ವರ್ಷದ ಕಸುಬುದಾರನಿಗೆ ಹೇಳುವ ಮಾತೇ ಅದು? ಮಾವ ನುಂಗಿಕೊಂಡು ಬಂದ. ಆವತ್ತು ನುಂಗಿದ್ದು ಅಭ್ಯಾಸವಾಯಿತೋ ಏನೋ.

ನಂತರ ಬಂತು ಸುರಕ್ಷತಾ ಸಪ್ತಾಹ. ವರ್ಷಕ್ಕೊಮ್ಮೆ ಮೇಲಿನ ಕಚೇರಿಯಿಂದ ಗಣ್ಯರು ಬರುತ್ತಾರೆ, ಕಾರ್ಮಿಕರ ತಲೆಗೆ ಹೆಲ್ಮೆಟ್ ತೊಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋ ಆದಮೇಲೆ ಹೆಲ್ಮೆಟ್ಟುಗಳು ವಾಪಸು ಉಗ್ರಾಣಕ್ಕೆ. ಹೌದು, ವಾಪಸು. ಹಾಳಾಗುತ್ತವಂತೆ! ತಲೆ ಹಾಳಾದರೆ ಚಿಂತೆಯಿಲ್ಲ, ಹೆಲ್ಮೆಟ್ ಹಾಳಾಗಬಾರದು.

ಆ ಬೆಳಿಗ್ಗೆ ತೋಪಿನಲ್ಲಿ ಒಂದು ಮರ ಸಿಕ್ಕಿಕೊಂಡು ನಿಂತಿತ್ತು. ಹಿಂದಿನ ಸಂಜೆ ಬೀಳಿಸಿದ್ದು. ವಿಂಚ್ ಇಲ್ಲ, ಕೆಡವಲಾಗಿಲ್ಲ. ಮಾವ ಸುತ್ತಲಿನ ಏಳು ಮರಗಳಿಗೆ ಬಟ್ಟೆ ಕಟ್ಟಿದ್ದ. ಆಯ್ತಾ ಸಾಹೇಬ ಬಂದು ನೋಡಿದ. ಎಲ್ಲಿ ನೋಡಿದರೂ ಕೆಂಪು.

"ಏನಿದು? ಬಂದವರು ಏನಂದ್ಕೋತಾರೆ, ಇಡೀ ಜಾಗ ಅಪಾಯ ಅಂತಾನಾ? ಸುರಕ್ಷತೆ ನೋಡೋಕೆ ಬರ್ತಿರೋರು!" ಅಂದವನು ಹಗ್ಗದವನನ್ನು ಕರೆದ. ಹಗ್ಗ ಕಟ್ಟುವುದು, ದಿಮ್ಮಿಗೆ ಸರಪಳಿ ಹಾಕುವುದು ಅವನ ಕೆಲಸ, ಮೂರು ಮಕ್ಕಳ ತಂದೆ, ಯಾರಿಗೂ ಎದುರು ಮಾತಾಡಿದವನಲ್ಲ. "ಇದೆಲ್ಲ ಬಿಚ್ಚಿಬಿಡು. ಅವರು ಹೋದ್ಮೇಲೆ ಮತ್ತೆ ಕಟ್ಟಿದ್ರಾಯ್ತು."

ಅದೇ ಹೊತ್ತಿಗೆ ಇನ್ನೊಂದು ಘನಕಾರ್ಯವೂ ನಡೆಯಿತು. ಹೊಸ ಬೂಟು ಹಂಚಿದರು. ಚುರುಕನ ಅಳತೆಯ ಬೂಟು ಇರಲಿಲ್ಲ. ಹರಿದ ಹಳೇ ಬೂಟಿನವನು ಫೋಟೋದಲ್ಲಿ ಕಂಡರೆ ಚೆನ್ನಾಗಿರುತ್ತದೆಯೇ? "ನೀನು ಹೋಗಿ ಶೆಡ್ಡಿನಿಂದ ಪೆಟ್ರೋಲು, ಚೈನಿನ ಎಣ್ಣೆ ತಗೊಂಡು ಬಾ," ಎಂದು ಸಾಹೇಬ ಅವನನ್ನು ಆಚೆಗೆ ಕಳಿಸಿದ.

ಮಾವ ಫೋಟೋ ಸಾಲಿನಲ್ಲಿ ನಿಂತಿದ್ದ. ತಲೆಯ ಮೇಲೆ ಹೊಸ ಹೆಲ್ಮೆಟ್, ಒಳಗಿನ ಪ್ಲಾಸ್ಟಿಕ್ ಚೀಲ ಕೂಡ ತೆಗೆದಿಲ್ಲ, ಕಿವಿಯ ಹತ್ತಿರ ಚರಪರ ಅನ್ನುತ್ತಿದೆ. ಅಲ್ಲಿಂದ ಅವನಿಗೆ ಎಲ್ಲ ಕಾಣಿಸಿತು. ಹಗ್ಗದವ ಒಂದು ಬಟ್ಟೆ ಬಿಚ್ಚಿದ, ಎರಡು ಬಿಚ್ಚಿದ. ಮಾವ ಬಾಯಿ ತೆರೆದ. ಗಣ್ಯರ ಗಾಡಿ ಬಂದು ನಿಂತಿತು. ಸಾಹೇಬ ತಿರುಗಿ ಮಾವನನ್ನೇ ನೋಡಿದ, ಬರೀ ನೋಡಿದ. ಫೋಟೋದವನು, "ಎಲ್ಲರೂ ಸ್ವಲ್ಪ ನಗಿ," ಅಂದ. ಹತ್ತು ನಿಮಿಷದ ಮಾತು, ತಂಡವೆಲ್ಲ ಇಲ್ಲೇ ಸಾಲಿನಲ್ಲಿದೆ, ಚುರುಕ ಶೆಡ್ಡಿನಲ್ಲಿದ್ದಾನೆ, ಇವರು ತೊಲಗಿದ ತಕ್ಷಣ ನಾನೇ ಹೋಗಿ ಕಟ್ಟುತ್ತೇನೆ ಅಂದುಕೊಂಡ. ಬಾಯಿ ಮುಚ್ಚಿದ. ಮರವೊಂದಕ್ಕೆ ಮೂರು ಸಲ ಕೂಗುವವನು ಆವತ್ತು ಒಂದು ಸಲ ಕೂಗಲಿಲ್ಲ.

ಹತ್ತು ನಿಮಿಷ ಭಾಷಣವೇ ಆಯಿತು. ಶೆಡ್ಡಿನಿಂದ ಚುರುಕ ಎರಡು ಕ್ಯಾನು ಹಿಡಿದು, ಸುತ್ತು ದಾರಿ ಬಿಟ್ಟು ನೇರ ಬಂದ. ಯಾಕೆ ಬರಬಾರದು? ಕೆಂಪು ಇರಲಿಲ್ಲ, ಅಂದರೆ ಮರ ಕೆಡವಿಯಾಗಿದೆ ಅಂತಲೇ ಲೆಕ್ಕ. ಒಂದು ಸಣ್ಣ ಗಾಳಿ ಬೀಸಿತು ಅಷ್ಟೇ, ಒಣಗಲು ಹಾಕಿದ ಬಟ್ಟೆಯೂ ಹಾರದಂಥ ಗಾಳಿ. ಮರ ಜಾರಿತು.

ಅವನ ಕಾಲ ಮೇಲೆ ಬಿದ್ದ ಮರ ಎತ್ತಲು ವಿಂಚ್ ಬೇಕಿತ್ತು, ರಸ್ತೆಯಿಂದ ಬರಲು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಮಾವ ಹುಡುಗನ ತಲೆಯನ್ನು ನೆಲಕ್ಕೆ ತಾಗದಂತೆ ಹಿಡಿದಿದ್ದ, ಆಮೇಲೆ ತನ್ನ ಹೊಸ ಹೆಲ್ಮೆಟ್ಟಿಗೆ ಅಂಗಿ ತುರುಕಿ ಅದರ ಮೇಲೆ ಮಲಗಿಸಿದ. ಗಣ್ಯರು ಗಾಡಿ ಹತ್ತಿ ಹೋದರು. ಆಂಬುಲೆನ್ಸು ಆಚೆ ಹೋಗುತ್ತಿರುವಾಗ ಉಗ್ರಾಣದವನು ಹೆಲ್ಮೆಟ್ಟುಗಳನ್ನು ಸಾಲಾಗಿ ಪೆಟ್ಟಿಗೆಗೆ ಹಾಕುತ್ತ, "ಹತ್ತೊಂಬತ್ತೇ ಇದೆಯಲ್ಲ, ಇನ್ನೊಂದು ಹೆಲ್ಮೆಟ್ ಯಾರ ಹತ್ರ?" ಅಂತ ಕೇಳಿದ. ಅವನನ್ನು ಅಲ್ಲೇ ಹೂಳದೆ ಬಿಟ್ಟ ತಂಡದವರ ತಾಳ್ಮೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಚುರುಕನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಹೆಂಡತಿ ಕೇಳಿದಳು, "ಬಟ್ಟೆ ಕಟ್ಟಿದ್ರಾ?"

"ಕಟ್ಟಿದ್ದೆ. ಬಿಚ್ಚಿಸಿದ್ರು."

"ಯಾರು?"

"ಸಾಹೇಬ್ರು. ಹಗ್ಗದವನ ಕೈಲಿ."

"ನೀವೆಲ್ಲಿದ್ರಿ?"

"ಫೋಟೋಗೆ ನಿಲ್ಲಿಸಿದ್ರು."

ಅಷ್ಟೂ ನಿಜ. ಒಂದಕ್ಷರ ಸುಳ್ಳಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹಾಳಾದವರು, ನಿಮ್ಮ ಕಣ್ಣು ತಪ್ಪಿಸಿ ಬಿಚ್ಚಿದ್ರು," ಅಂದಳು. ಅವನು ತಿದ್ದಲಿಲ್ಲ.

ಮೂರನೆಯ ವಾರ ಚುರುಕ ಮನೆಗೆ ಬಂದ. ಹಿಂದೆಯೇ ಆಯ್ತಾ ಸಾಹೇಬನೂ ಬಂದ, ಕೈಯಲ್ಲಿ ಹಣ್ಣಿನ ಪೊಟ್ಟಣ ಬೇರೆ. ವಿಚಾರಣೆ ಇದೆಯಂತೆ. ಹುಡುಗನ ಹೇಳಿಕೆ ಆಸ್ಪತ್ರೆಯಲ್ಲೇ ಬರೆದುಕೊಂಡಿದ್ದಾರೆ. ಬಟ್ಟೆ ಇತ್ತಾ ಅಂತ ಕೇಳಿದರು, ಇರಲಿಲ್ಲ ಅಂದ. ಇನ್ನೇನನ್ನುತ್ತಾನೆ? ಅವನು ಬಂದಾಗ ಇರಲಿಲ್ಲವಲ್ಲ! ಆ ಒಂದು ನಿಜ ಹಿಡಿದು ಅವರು ಸುಳ್ಳಿನ ಮನೆ ಕಟ್ಟಿದ್ದರು: ಬಟ್ಟೆ ಕಟ್ಟುವ ಹೊಣೆ ಮಾವನದು, ಬಟ್ಟೆ ಇರಲಿಲ್ಲ, ಆದ್ದರಿಂದ ಮಾವ ಕಟ್ಟಿರಲಿಲ್ಲ. ಮರ ಕಡಿದವನ ತಲೆ ಮೇಲೇ ಗೂಬೆ.

"ಭಯ ಬೇಡ," ಅಂದ ಸಾಹೇಬ. "ಬರೀ ಎಚ್ಚರಿಕೆ ಪತ್ರ. ಕೆಲಸ ಇದ್ದೇ ಇರತ್ತೆ. ನೀವು ಸಹಿ ಹಾಕಿದ್ರೆ ಹುಡುಗನಿಗೂ ಒಂದು ದಾರಿ ಮಾಡಬಹುದು. ಗೇಟಿನ ಹತ್ರ ಕೂತು ಲಾರಿ ಬರ್ಕೊಳ್ಳೋ ಕೆಲಸ. ಕುರ್ಚಿ ಕೆಲಸ. ಖಾಯಂ. ಸೋಮವಾರ ಬಂದು ಮುಗಿಸಿಬಿಡಿ, ಆಯ್ತಾ?"

ಅವನು ಹೋದಮೇಲೆ ಹೆಂಡತಿ ಹಣ್ಣಿನ ಪೊಟ್ಟಣವನ್ನು ಮುಟ್ಟದೆ ಬೆಕ್ಕಿನ ಕಡೆಗೆ ಕಾಲಲ್ಲಿ ಸರಿಸಿದಳು. ಆಮೇಲೆ ಹೇಳಿದಳು, "ಸಹಿ ಹಾಕಿಬಿಡಿ."

"ನಾನು ಕಟ್ಟಿದ್ದೆ ಕಣೇ."

"ಗೊತ್ತು. ನಂಗೂ ಹೊಟ್ಟೆ ಉರಿಯತ್ತೆ. ಆದ್ರೆ ಅವನಿಗೆ ಇಪ್ಪತ್ತೇಳು ವರ್ಷ. ಒಂದು ಕಾಲಲ್ಲಿ ಇನ್ನೂ ನಲವತ್ತು ವರ್ಷ ದೂಡಬೇಕು. ನಿಮ್ಮ ಮರ್ಯಾದೆ ಹೊದ್ದು ಮಲಗೋಕಾಗತ್ತಾ? ಕುರ್ಚಿ ಆದ್ರೆ ಕೂರಬಹುದು."

ಒಳಗಿನ ಕೋಣೆಯಿಂದ ಚುರುಕನ ಊರುಗೋಲು ಗೋಡೆಗೆ ತಾಗಿದ ಸದ್ದು ಬಂತು.

ಸೋಮವಾರ ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಆಚೆ ವಿಚಾರಣೆಯ ಅಧಿಕಾರಿ, ಅವನ ಮಗ್ಗುಲಲ್ಲಿ ಆಯ್ತಾ ಸಾಹೇಬ. ಈಚೆ ಗೋಡೆಗೆ ಒರಗಿ ತಂಡದವರು ಸಾಲಾಗಿ, ಎಲ್ಲರ ಕಣ್ಣೂ ತಮ್ಮ ತಮ್ಮ ಬೂಟಿನ ಮೇಲೆ. ಗೋಡೆಗೆ ಹೊಸ ಭಿತ್ತಿಪತ್ರ ಅಂಟಿಸಿದ್ದರು, 'ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ' ಅಂತ. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅದರ ಪಕ್ಕದಲ್ಲೇ ಆ ದಿನದ ಫೋಟೋ, ಕಟ್ಟು ಹಾಕಿಸಿ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರು. ಒಬ್ಬ ಮಾತ್ರ ಪಕ್ಕಕ್ಕೆ ಕತ್ತು ತಿರುಗಿಸಿ, ಬಾಯಿ ಅರ್ಧ ತೆರೆದು, ಫೋಟೋದಲ್ಲಿಲ್ಲದ ಏನನ್ನೋ ನೋಡುತ್ತಿದ್ದ. ಮಾವ ಅದನ್ನು ಒಮ್ಮೆ ನೋಡಿ ಕಣ್ಣು ಕಿತ್ತುಕೊಂಡ.

ಅಧಿಕಾರಿ ಕಾಗದ ಓದಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಭಾಷೆ. 'ಸದರಿ ಸ್ಥಳದಲ್ಲಿ ಎಚ್ಚರಿಕೆಯ ಗುರುತು ಕಟ್ಟಲು ನಾನು ಮರೆತಿದ್ದು...' ಓದಿ ಮುಗಿಸಿ ಪೆನ್ನಿನ ಮುಚ್ಚಳ ತೆಗೆದು ಮಾವನ ಕಡೆ ಚಾಚಿದ. ಮಾವನ ಕಣ್ಣ ಮುಂದೆ ಗೇಟಿನ ಪಕ್ಕದ ಕುರ್ಚಿ ಬಂತು. ಪೆನ್ನು ತೆಗೆದುಕೊಂಡ.

"ಅವರು ಕಟ್ಟಿದ್ರು ಸಾರ್."

ಎಲ್ಲರೂ ತಿರುಗಿದರು. ಮಾತಾಡಿದ್ದು ಹಗ್ಗದವ.

"ಏಳು ಮರಕ್ಕೆ ಕಟ್ಟಿದ್ರು. ಬಿಚ್ಚಿದ್ದು ನಾನು. ಮೂರು ವಾರದಿಂದ ನಿದ್ದೆ ಇಲ್ಲ ಸಾರ್, ಇನ್ನು ನನ್ನ ಕೈಲಾಗಲ್ಲ."

"ನೀನ್ಯಾಕೆ ಬಿಚ್ಚಿದೆ?"

ಹಗ್ಗದವ ಆಯ್ತಾ ಸಾಹೇಬನ ಕಡೆ ನೋಡಿದ. ಸಾಹೇಬ ಗಡಿಯಾರ ಸರಿಮಾಡಿಕೊಂಡ. "ಜಾಗ ಚೊಕ್ಕಟವಾಗಿ ಕಾಣ್ಲಿ ಅಂದಿದ್ದೆ, ಸಾಮಾನ್ಯವಾಗಿ ಎಲ್ಲರಿಗೂ. ಇವನು ಏನು ಅರ್ಥ ಮಾಡ್ಕೊಂಡ್ನೋ!"

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ಅಧಿಕಾರಿಗೆ ಅಷ್ಟೇ ಬೆಳಕು ಸಾಕಾಗಿತ್ತು. ಅವನ ಮುಖ ಅರಳಿತು ಅಂದರೆ ನಂಬಿ. ಇನ್ನೊಂದು ಹಾಳೆ ಎಳೆದು ಬರೆಯತೊಡಗಿದ: ಹಗ್ಗದವ, ನಿರ್ಲಕ್ಷ್ಯ, ಕೆಲಸದಿಂದ ವಜಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಬರೆದ ಹಾಳೆಯನ್ನು ಮಾವನ ಮುಂದೆ ಇಟ್ಟ.

"ಒಳ್ಳೇದಾಯ್ತಲ್ಲ, ನಿಮ್ಮ ಮೇಲೆ ಏನೂ ಉಳೀಲಿಲ್ಲ. ಎಚ್ಚರಿಕೆ ಪತ್ರವೂ ಇಲ್ಲ. ಗೇಟಿನ ಕೆಲಸ ಹೇಳಿದ ಹಾಗೇ ಇರತ್ತೆ. ಇದಕ್ಕೆ ಸಾಕ್ಷಿ ಅಂತ ಸಹಿ ಹಾಕಿ, ನಾಳೆಯಿಂದ ಕೆಲಸಕ್ಕೆ ಬನ್ನಿ."

ನೋಡಿ, ಕೇಳದೆಯೇ ಎಲ್ಲವೂ ಕೈಗೆ ಬಂದಿತ್ತು. ಅವನ ಹೆಸರು, ಅವನ ಕೆಲಸ, ಹುಡುಗನ ಕುರ್ಚಿ. ಬೆಲೆ ಇಷ್ಟೇ, ಮೂರು ಮಕ್ಕಳ ತಂದೆಯೊಬ್ಬ ಬೀದಿಗೆ ಬೀಳುವುದು. ಅದೂ ತಾನೇ ಒಪ್ಪಿಕೊಂಡವನು, ಇವನನ್ನು ಉಳಿಸಲು ಬಾಯಿಬಿಟ್ಟವನು.

"ಬಿಚ್ಚು ಅಂತ ಹೇಳಿದವರ ಹೆಸರು ಇದರಲ್ಲಿಲ್ಲ," ಅಂದ ಮಾವ.

"ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ."

"ಕೆಳಗಡೆ ಖಾಲಿ ಇದೆ."

"ಅದು ಕಚೇರಿ ಬಳಕೆಗೆ."

ಮಾವ ಕುರ್ಚಿ ಎಳೆದು ಕೂತ. ಕಚೇರಿ ಬಳಕೆಯ ಜಾಗದಲ್ಲಿ ಬರೆಯತೊಡಗಿದ. ನಾಲ್ಕನೇ ತರಗತಿಯ ಅಕ್ಷರ, ಒಂದೊಂದನ್ನೂ ಒತ್ತಿ ಒತ್ತಿ. ಅಧಿಕಾರಿ ಹಾಳೆ ಎಳೆಯಲು ಕೈ ಹಾಕಿದ. ಮಾವ ಎಡಗೈ ಅದರ ಮೇಲೆ ಇಟ್ಟ. ಗರಗಸ ಹಿಡಿದ ಕೈ, ಜರುಗಲಿಲ್ಲ. ಬರೆದದ್ದು ಇಷ್ಟು: 'ಬಟ್ಟೆ ಬಿಚ್ಚಲು ಹೇಳಿದ್ದು ಮೇಲ್ವಿಚಾರಕರು. ವಿಂಚ್ ರಸ್ತೆಗೆ ಒಯ್ದದ್ದೂ ಅವರೇ. ಬಿಚ್ಚುವುದನ್ನು ನಾನು ಸಾಲಿನಿಂದ ನೋಡಿದೆ. ಕೂಗಲಿಲ್ಲ. ಕೂಗಿದ್ದರೆ ನಿಲ್ಲುತ್ತಿತ್ತು.' ಕೆಳಗೆ ಸಹಿ.

ಅಧಿಕಾರಿ ಓದಿಕೊಂಡು ತಣ್ಣಗೆ ಹೇಳಿದ, "ಇದು ಮೇಲೆ ಹೋದ್ರೆ ಗೇಟಿನ ಕೆಲಸ ಮರೆತುಬಿಡಿ. ನಿಮ್ಮದೂ."

"ನನ್ನದು ಹೋಗ್ಲಿ," ಅಂದ ಮಾವ. "ಮೂವತ್ತೊಂದು ವರ್ಷದಲ್ಲಿ ನಿಮ್ಮಂಥೋರು ಎಷ್ಟು ಜನ ಬಂದ್ರು, ಎಷ್ಟು ಜನ ಹೋದ್ರು! ಒಬ್ಬನಾದ್ರೂ ಬಂದು ಮರದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದ್ದೀರಾ? ಸುರಕ್ಷತೆ ಅಂತೆ! ಹೆಲ್ಮೆಟ್ ಲೆಕ್ಕ ಇಡ್ತೀರಿ, ತಲೆ ಲೆಕ್ಕ ಯಾರಿಡ್ತಾರೆ? ಥೂ!"

ಎದ್ದು ಬಂದ. ಹಗ್ಗದವ ಅವನ ಹಿಂದೆ ಬಂದ. ಅವನ ಹಿಂದೆ ತಂಡದವರಲ್ಲಿ ಐದಾರು ಜನ ಬಂದರು, ಉಳಿದವರು ಬೂಟು ನೋಡುತ್ತ ಅಲ್ಲೇ ನಿಂತರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೂ ಮನೆಗಳಿದ್ದವು.

ಮಾವ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಚುರುಕ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ, ಇದ್ದ ಕಾಲು. ಅಕ್ಕ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು.

"ಹಾಕಿದ್ರಾ?"

"ಹಾಕಿದೆ. ಅವರು ಬರೆದದ್ದಕ್ಕಲ್ಲ." ಅವನು ಮೆಟ್ಟಿಲಮೇಲೆ ಕೂತ. "ಕುರ್ಚಿ ಹೋಯ್ತು. ನನ್ನ ಕೆಲಸವೂ ಹೋದ ಹಾಗೇ. ಇನ್ನೊಂದು ವಿಷಯ ನಿಮಗಿಬ್ಬರಿಗೂ ಹೇಳಿಲ್ಲ. ಅವನು ಬಿಚ್ಚೋವಾಗ ನಾನು ನೋಡ್ತಿದ್ದೆ. ಸಾಲಲ್ಲಿ ನಿಂತು, ಮೊದಲ್ನೇ ಬಟ್ಟೆಯಿಂದ ಕೊನೇದರ ತನಕ. ಸುಮ್ಮನಿದ್ದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗೆ ಹೋದಳು. ಪಾತ್ರೆಯೊಂದನ್ನು ಬೇಕಂತಲೇ ನೆಲಕ್ಕೆ ಹಾಕಿದ ಸದ್ದು ಕೇಳಿತು, ಮತ್ತೊಂದು ಕೇಳಿತು.

ಮಾವ ಚುರುಕನ ಕಡೆ ತಿರುಗಲಿಲ್ಲ. ತಪ್ಪಾಯ್ತು ಅನ್ನಬೇಕಿತ್ತು. ಆ ಮಾತು ಆ ಕಾಲಿನ ಮುಂದೆ ಎಷ್ಟು ಸಣ್ಣದು ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಅನ್ನಲಿಲ್ಲ.

"ಬರೆದಿದ್ದು ಒಳ್ಳೇದಾಯ್ತು ಭಾವ," ಅಂದ ಚುರುಕ. "ಹಗ್ಗದವನ ಮನೆ ಹಾಳು ಮಾಡಿ ಕೊಟ್ಟ ಕುರ್ಚಿ ಮೇಲೆ ನಾನು ಕೂರ್ತಿರ್ಲಿಲ್ಲ. ಆಯ್ತಾ ಸಾಹೇಬನ ಮೇಲೂ ನಂಗೆ ಅಷ್ಟು ಸಿಟ್ಟಿಲ್ಲ. ಆ ಮನುಷ್ಯನಿಗೆ ಮರ ಅಂದ್ರೇನು ಅಂತಲೇ ಗೊತ್ತಿರ್ಲಿಲ್ಲ."

ಅವನು ಊರುಗೋಲು ಹತ್ತಿರಕ್ಕೆ ಎಳೆದುಕೊಂಡ.

"ನಿಮಗೆ ಗೊತ್ತಿತ್ತು."